ತಾರಸಿಯ ಮೇಲಿನ ಕಣ

ಗೊಣಗುವುದು ನನಗೆ ಅವ್ವನ ಕಡೆಯಿಂದ ಬಂದ ಆಸ್ತಿ. ಅಪ್ಪ ಬಿಟ್ಟುಹೋದ ಜಮೀನು ಕಣ್ಣೆದುರೇ ಕರಗಿತು, ಅವ್ವ ಬಿಟ್ಟುಹೋದದ್ದು ಮಾತ್ರ ಹಾಗೇ ಇದೆ. ನೀರಿನ ಟ್ಯಾಂಕರು ತಡವಾದರೆ ಗೊಣಗುತ್ತೇನೆ, ಬೇಗ ಬಂದರೆ ಗೇಟಿನ ಮುಂದೆ ಕೆಸರು ಮಾಡಿತೆಂದು ಗೊಣಗುತ್ತೇನೆ. ಹೆಂಡತಿ ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಅವಳೂ ಒಪ್ಪುವ ನನ್ನ ಗೊಣಗಾಟ ಒಂದೇ ಒಂದು: ಬಾಡಿಗೆಯವರು ಈಗ ದೂರು ಹೇಳಲು ಕೂಡ ಮೆಟ್ಟಿಲು ಇಳಿದು ಬರುವುದಿಲ್ಲ, ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ಅದರಿಂದ ನಿನಗೇನು ಕಷ್ಟ ಎಂದು ಯಾರಾದರೂ ಕೇಳಿದರೆ, ತೊಂಬತ್ತರ ದಶಕದ ಕೊನೆಗೆ ನಮ್ಮ ತಾರಸಿಯ ಮೇಲೆ ನಡೆದದ್ದನ್ನು ಹೇಳಬೇಕಾಗುತ್ತದೆ.

ನಮ್ಮದು ನಗರದ ಅಂಚಿನಲ್ಲಿ, ಪಟ್ಟಂದೂರು ಅಗ್ರಹಾರದ ಬದಿಯ ಊರು. ಗಾಜಿನ ಕಟ್ಟಡಗಳು ಆಗಷ್ಟೇ ಏಳುತ್ತಿದ್ದವು. ನಮ್ಮ ಹೊಲ ಒಂದೊಂದೇ ತುಂಡಾಗಿ ಕೈಬಿಟ್ಟು, ಕೆರೆಯ ಕೆಳಗಿನ ಅರ್ಧ ಎಕರೆ ಉಳಿದಿತ್ತು. ಅದಕ್ಕೂ ಮಾರಾಟದ ಕರಾರಾಗಿತ್ತು. ನಿಂತಿದ್ದ ರಾಗಿಯನ್ನು ಕೊಯ್ದುಕೊಂಡು ಭೂಮಿ ಬಿಟ್ಟುಕೊಡುವುದೆಂದು ಮಾತಾಗಿತ್ತು. ಅಂದರೆ ಅದೇ ನಮ್ಮ ಕೊನೆಯ ರಾಗಿ. ಅವ್ವ ಕರಾರಿಗೆ ಅಡ್ಡ ಬರಲಿಲ್ಲ, ಅಳಲೂ ಇಲ್ಲ. ಈ ಒಂದು ರಾಶಿಯನ್ನು ಮಾತ್ರ ಹಿಂದಿನವರು ಮಾಡಿದ ಹಾಗೆ ಮಾಡಿ ಮುಗಿಸಬೇಕು ಎಂದಳು. ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ಕೇಳಿ ನನಗೆ ಭಯವೇ ಆಯಿತು.

ಹಿಂದಿನವರ ಹಾಗೆ ಎಂದರೆ ಕಣ ಬೇಕು. ನೆಲ ಕೆತ್ತಿ, ನೀರು ಹಾಕಿ ಗಟ್ಟಿ ಮಾಡಿ, ಸಗಣಿ ಬಳಿದು, ದುಂಡಗೆ ಸಾರಿಸಿದ ಜಾಗ. ನಮ್ಮ ಕಣ ಇದ್ದ ಜಾಗದಲ್ಲಿ ಆಗಲೇ ಅಗಲವಾದ ಟಾರು ರಸ್ತೆ ಮಲಗಿತ್ತು. ಊರಿನ ಉಳಿದವರಿಗೆ ಇದೇನೂ ತೊಂದರೆಯಾಗಿರಲಿಲ್ಲ. ರಾಗಿ, ಹುರುಳಿ ಎಲ್ಲವನ್ನೂ ಅದೇ ರಸ್ತೆಯ ಮೇಲೆ ಹರಡುತ್ತಿದ್ದರು. ಕಂಪನಿ ಬಸ್ಸುಗಳು, ಜಲ್ಲಿ ಲಾರಿಗಳು ಅದರ ಮೇಲೆ ಓಡಿ ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುತ್ತಿದ್ದವು. ನಾನೂ ಹಾಗೇ ಮಾಡೋಣ ಎಂದೆ.

“ಲಾರಿ ತುಳ್ದಿದ್ ರಾಗೀನ ದೇವ್ರ ಮುಂದೆ ಎಂಗೋ ಮಡಗಾದು?” ಎಂದಳು ಅವ್ವ. ಅಲ್ಲಿಗೆ ರಸ್ತೆಯ ಮಾತು ಮುಗಿಯಿತು.

ಆಮೇಲೆ ಅಂಗಳದಲ್ಲಿ ನಿಂತು ನಮ್ಮ ಮನೆಯನ್ನೇ ಮೇಲಿಂದ ಕೆಳಗೆ ನೋಡಿದಳು. ಕೆಳಗೆ ನಾವು, ಮೇಲೆ ಬಾಡಿಗೆಯವರು, ಅದರ ಮೇಲೆ ಬೋಳು ತಾರಸಿ. ಸುತ್ತ ಕಾಂಪೌಂಡುಗಳೆದ್ದು ಕೆಳಗೆ ಗಾಳಿಯೇ ಆಡುತ್ತಿರಲಿಲ್ಲ, ತೂರಬೇಕಾದರೆ ಗಾಳಿ ಬೇಕು. ಗಾಳಿ ಇದ್ದದ್ದು ಮೇಲೆ. ಮಾರನೆಯ ಬೆಳಿಗ್ಗೆ ಅವಳು ಸಗಣಿಯ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದಳು. ಹೊಸ ತಾರಸಿಗೆ ಸಗಣಿಯೇ ಎಂದು ನನ್ನ ಹೆಂಡತಿ ತಲೆಯ ಮೇಲೆ ಕೈಹೊತ್ತಳು. ನಾನು ಜಾಣನಂತೆ ಟ್ಯಾಂಕಿನ ಮರೆಯಲ್ಲಿ ನಿಂತೆ.

ಮೇಲಿನ ಮನೆಯಲ್ಲಿದ್ದವರು ಗದಗದ ಕಡೆಯ ಗಂಡ ಹೆಂಡತಿ. ಆಕೆಗೆ ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಕೆಲಸ. ಹಣೆಗೆ ವಿಭೂತಿ ಇಟ್ಟು, ಕುತ್ತಿಗೆಗೆ ಕಂಪನಿಯ ಚೀಟಿ ನೇತುಹಾಕಿಕೊಂಡು ಬೆಳಿಗ್ಗೆಯೇ ಬಸ್ಸಿಗೆ ಓಡುತ್ತಿದ್ದಳು. ಅವ್ವನ ಗೊಣಗಾಟದಲ್ಲಿ ಅರ್ಧ ಪಾಲು ಆಕೆಯದು. ಮುಂಜಾನೆಯೇ ರೊಟ್ಟಿ ಬಡಿದು ನಿದ್ದೆ ಕೆಡಿಸುತ್ತಾಳೆ, ನೀರು ಸುರಿಯುತ್ತಾಳೆ, ಎದುರು ಸಿಕ್ಕರೆ ನಕ್ಕು ಹೋಗುತ್ತಾಳೆ, ಒಂದು ದಿನ ಬಂದು ಕೂತು ಮಾತಾಡಿದವಳಲ್ಲ. ಇಂಥವರಿಗೆ ಮಣ್ಣು ಎಂದರೆ ಚಪ್ಪಲಿಗೆ ಅಂಟುವ ಕೊಳೆ ಅಷ್ಟೇ ಎಂಬುದು ಅವ್ವನ ತೀರ್ಮಾನ.

ಕೊಯ್ದು ಒಣಗಿಸಿದ್ದ ರಾಗಿಯ ಕಂತೆಗಳನ್ನು ಶನಿವಾರ ಮೇಲಕ್ಕೆ ಹೊತ್ತು ಕೋಲಿನಿಂದ ಬಡಿದೆವು. ನಾನು, ಹೆಂಡತಿ, ನನ್ನ ಭಾವಮೈದ. ಎತ್ತು ಹೂಡಿ ಕಲ್ಲಿನ ಗುಂಡು ಎಳೆಸಲು ತಾರಸಿಯಲ್ಲಿ ಆಗುತ್ತದೆಯೇ? ಮಧ್ಯಾಹ್ನ ಬಾಡಿಗೆಯವಳ ಗಂಡ ಬಂದು, ಸೀಲಿಂಗ್ ಉದುರುವ ಹಾಗಿದೆ, ಇನ್ನೆಷ್ಟು ದಿನ ಎಂದು ಮರ್ಯಾದೆಯಾಗಿಯೇ ಕೇಳಿ ಹೋದ. ಇವತ್ತಿಗೆ ಮುಗಿಯಿತು ಎಂದು ಸಮಾಧಾನ ಹೇಳಿದೆ. ಸದ್ದು ಮುಗಿದಿತ್ತು, ಧೂಳು ಬಾಕಿಯಿತ್ತು. ಅದನ್ನು ಅವನಿಗೆ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಒಳ್ಳೆಯ ಗಾಳಿ ಬಂತು. ಅವ್ವ ಮೊರ ಎತ್ತಿ ಹಿಡಿದು ತೂರಿದಳು. ಕಾಳು ಕಾಲ ಬಳಿ ಬಿತ್ತು, ಹೊಟ್ಟು ಹಾರಿಹೋಯಿತು. ಎಲ್ಲಿಗೆ ಹೋಯಿತೆಂದು ನಾವು ನೋಡಲಿಲ್ಲ. ರಾಶಿ ಗುಡ್ಡೆಯಾದ ಮೇಲೆ ಸುತ್ತ ಬೂದಿಯ ಗೆರೆ ಎಳೆದು, ನೆತ್ತಿಯ ಮೇಲೆ ಸಗಣಿಯ ಬೆನಕನನ್ನು ಕೂರಿಸಿ ಹೂ ಸಿಕ್ಕಿಸಿ ಪೂಜೆ ಮಾಡಿದಳು. ಇನ್ನು ಅಳೆದು ಕೆಳಗಿಳಿಸುವುದೇ ಎಂದು ನಾನು ಚೀಲ ಕೊಡವಿದೆ. ಅವ್ವ ಬೇಡವೆಂದು ತಲೆಯಾಡಿಸಿದಳು.

ನಮ್ಮ ಕಣದ ಕಟ್ಟಳೆ ನನಗೆ ಮರೆತೇ ಹೋಗಿತ್ತು. ರಾಶಿ ಮನೆ ಸೇರುವ ಮೊದಲು ಹೊರಗಿನವರು ಯಾರಾದರೂ ಕಣಕ್ಕೆ ಬರಬೇಕು, ಬಂದವರ ಕೈಗೆ ಒಂದು ಮೊರ ಕಾಳು ಬೀಳಬೇಕು. ನಾನು ಚಿಕ್ಕವನಿದ್ದಾಗ ಇದಕ್ಕೆ ಯಾರೂ ಕಾಯಬೇಕಾಗಿರಲಿಲ್ಲ. ತೂರುವ ಧೂಳು ಕಂಡರೆ ಸಾಕು, ಬಟ್ಟೆ ಒಗೆಯುವವರು, ಕ್ಷೌರ ಮಾಡುವವರು, ನೇಗಿಲ ಕುಳ ತಟ್ಟಿಕೊಡುವವರು, ಗುಡಿಯ ಪೂಜಾರಿ ಎಲ್ಲರೂ ತಮ್ಮ ಪಾಲಿಗೆ ಬಂದು ನಿಲ್ಲುತ್ತಿದ್ದರು. ಕೊಡುವಾಗ ಅವ್ವ ಗೊಣಗುತ್ತಲೇ ಮೊರ ತುಂಬುತ್ತಿದ್ದಳು. ಈಗ ನಮ್ಮ ಬಿಡುವಿನ ದಿನವೇ ಅವರೆಲ್ಲರಿಗೂ ಗಿರಾಕಿಗಳ ದಿನ.

ಹೋಗಿ ಯಾರನ್ನಾದರೂ ಕರೆದು ತರುತ್ತೇನೆ ಎಂದೆ.

“ಕರ್ದು ಕೊಟ್ರೆ ಅದು ದಾನ ಕಣ್ಲಾ. ಕಣಕ್ಕೆ ಜನ ತಾವಾಗೇ ಬರ್ಬೇಕು.”

ಆದರೂ ನನ್ನ ಮನಸ್ಸು ಕೇಳಲಿಲ್ಲ. ಇಸ್ತ್ರಿ ಮಾಡಿಟ್ಟಿದ್ದ ಎರಡು ಅಂಗಿಯನ್ನು ಮುದುರಿ ಕಂಕುಳಲ್ಲಿಟ್ಟುಕೊಂಡು, ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಇಸ್ತ್ರಿ ಅಂಗಡಿ ಹಾಕಿಕೊಂಡಿದ್ದ ನಮ್ಮೂರಿನವನ ಹತ್ತಿರ ಹೋದೆ. ಅವನ ಅವ್ವ ಪ್ರತಿ ವರ್ಷ ನಮ್ಮ ಕಣಕ್ಕೆ ಬಂದವಳು. ಇವತ್ತು ನಮ್ಮ ರಾಶಿ ಎಂದು ಮಾತಿಗೆ ಮಾತು ಬಂದ ಹಾಗೆ ಹೇಳಿದೆ. ಒಳ್ಳೆಯದಾಯಿತಣ್ಣ ಎಂದ. ಅವನ ಪಕ್ಕದಲ್ಲಿ ಬಟ್ಟೆಯ ಗಂಟುಗಳು ಎದೆಯೆತ್ತರ ಇದ್ದವು. ಅಂಗಿಗಳನ್ನು ಸಂಜೆ ಕೊಡುತ್ತೇನೆ ಎಂದು ಪೆಟ್ಟಿಗೆಯ ಕೆಂಡ ಊದತೊಡಗಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವನಿಗೆ ನಮ್ಮ ರಾಗಿಯ ಹಂಗು ಇಲ್ಲದೆ ಹೋದದ್ದು ಒಳ್ಳೆಯದೇ ಅಲ್ಲವೇ?

ಹೊತ್ತು ಇಳಿಯುತ್ತ ಬಂತು. ಅವ್ವ ಬೆಳಗಿನಿಂದ ಬಾಯಿಗೆ ತೊಟ್ಟು ನೀರು ಹಾಕಿರಲಿಲ್ಲ, ಒಂದು ಮಾತು ಗೊಣಗಿಯೂ ಇರಲಿಲ್ಲ. ರಾಶಿಯ ಪಕ್ಕದಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಕಡೆ ನೋಡುತ್ತ ಕೂತಿದ್ದಳು. ಭೂಮಿ ಹೋದದ್ದನ್ನು ತಡೆದುಕೊಂಡವಳು, ಯಾರೂ ಬಾರದ ಕಣವನ್ನು ತಡೆದುಕೊಳ್ಳಲಾರಳು ಎಂದು ನನಗೆ ಆಗ ತಿಳಿಯಿತು.

ಆಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮೇಲಿನ ಮನೆಯಾಕೆ ಬಂದಳು. ಕೈಯಲ್ಲಿ ಒಂದು ಬಿಳಿ ಚಾದರ, ಅದರ ತುಂಬ ರಾಗಿಯ ಹೊಟ್ಟು. ಬೆಳಗಿನ ಗಾಳಿ ಹೊಟ್ಟನ್ನೆಲ್ಲ ಅವಳ ಬಾಲ್ಕನಿಗೇ ಒಯ್ದು ಹಾಕಿತ್ತು. ಮುಖ ಕೆಂಪಾಗಿತ್ತು. “ಏನ್ರೀ ಇದು? ಒಗದು ಹಾಕಿದ್ದ ಚಾದರ ಹೆಂಗಾಗೇತಿ ನೋಡ್ರಿ,” ಎಂದು ನನ್ನ ಕಡೆ ಚಾಚಿದಳು. ಇವತ್ತು ಮಾನ ಹೋಯಿತು ಎಂದುಕೊಂಡೆ.

ಅಷ್ಟರಲ್ಲಿ ಅವಳ ಕಣ್ಣು ರಾಶಿಯ ಮೇಲೆ ಬಿತ್ತು. ಬೂದಿಯ ಗೆರೆ ನೋಡಿದಳು, ಬೆನಕನನ್ನು ನೋಡಿದಳು. ಎರಡು ಹೆಜ್ಜೆ ಹಿಂದೆ ಹೋಗಿ ಮೆಟ್ಟಿಲ ಬಾಯಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಬಂದು ಗೆರೆಯ ಹೊರಗೆ ನಿಂತಳು. ಯಾರೂ ಅವಳಿಗೆ ಹೇಳಿರಲಿಲ್ಲ.

“ರಾಶಿ ಏನ್ರಿ?” ಎಂದಳು ಮೆಲ್ಲಗೆ. “ನಮ್ಮ ಕಡೆ ಜ್ವಾಳದ್ದು ಮಾಡ್ತಾರ್ರಿ.”

ಅವ್ವ ಎದ್ದು ನಿಂತು ಮೊರ ತುಂಬಿದಳು. ಆಕೆ ಚೂಡಿದಾರದಲ್ಲಿದ್ದಳು, ಒಡ್ಡಲು ಸೆರಗಿರಲಿಲ್ಲ. ಸುತ್ತ ನೋಡಿ, ಜಗಳಕ್ಕೆಂದು ತಂದಿದ್ದ ಅದೇ ಚಾದರದ ಹೊಟ್ಟು ಕೊಡವಿ, ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ರಾಗಿ ಅದರೊಳಗೆ ಸುರಿಯಿತು.

“ನಾ ಜಗಳಾ ಮಾಡಾಕ ಬಂದಿದ್ನಿರಿ,” ಎಂದಳು ನಾಚಿಕೊಂಡು.

“ಏನಕ್ ಬಂದ್ರೇನವ್ವ,” ಎಂದಳು ಅವ್ವ. “ಬಂದ್ಯಲ್ಲ.”

ಕೊಳಗದಲ್ಲಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನದೆ ಲಾಭ ಎನ್ನುವುದು ನಮ್ಮ ರೂಢಿ. ಅವ್ವ ಲಾಭ ಎಂದದ್ದು ಕೆಳಗಿನ ಬೀದಿಗೂ ಕೇಳಿಸಿರಬೇಕು. ರಾಗಿ ಮನೆ ಸೇರುವವರೆಗೆ ಆಕೆ ಗಂಟು ಕಟ್ಟಿದ ಚಾದರವನ್ನು ಎದೆಗೊತ್ತಿ ಹಿಡಿದು ಅಲ್ಲೇ ನಿಂತಿದ್ದಳು. ನಾನು ಬೆನ್ನು ತಿರುಗಿಸಿ, ಕಣ್ಣಿಗೆ ಹೊಟ್ಟು ಬಿತ್ತು ಎಂದು ಹೆಂಡತಿಗೆ ಸುಳ್ಳು ಹೇಳಿದೆ.

ಮಾರನೆಯ ಮುಂಜಾನೆ ರೊಟ್ಟಿ ಬಡಿಯುವ ಸದ್ದು ಕೇಳಿದೊಡನೆ ಅವ್ವ ಎಂದಿನಂತೆ ಗೊಣಗಿದಳು. ಆ ರಾಗಿಯಲ್ಲಿ ಮುದ್ದೆ ತಿರುವುವುದನ್ನು ಕಲಿಸಲು ತಾನೇ ಮೇಲೆ ಹೋಗಿ, ಆಕೆಗೆ ಕೋಲು ಹಿಡಿಯಲೂ ಬರುವುದಿಲ್ಲ ಎಂದು ಕೆಳಗೆ ಬಂದು ಮತ್ತೆ ಗೊಣಗಿದಳು. ಬೇಸಿಗೆಗೆ ಮುಂಚೆ ಹೊಲ ಬಿಟ್ಟುಕೊಟ್ಟೆವು. ಮುಂದೆ ಆ ಗಂಡ ಹೆಂಡತಿ ಬೇರೆ ಕಡೆ ಸ್ವಂತ ಮನೆ ಮಾಡಿಕೊಂಡು ಹೋದರು. ಅವ್ವನೂ ಹೋದಳು. ಮೊರ ಅಟ್ಟದಲ್ಲಿದೆ.

ಮೊನ್ನೆ ಮೇಲಿನ ಮನೆಯ ಬಾಡಿಗೆಯವನು ನಲ್ಲಿ ಸೋರುತ್ತಿದೆ ಎಂದು ಫೋನು ಮಾಡಿದ. ಒಂದು ನಿಮಿಷ ಕೆಳಗೆ ಬಂದು ಹೇಳಪ್ಪ ಎಂದೆ. ಹೇಳಿದೆನಲ್ಲ ಅಂಕಲ್, ಬರುವುದು ಯಾಕೆ ಎಂದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ರಿಪೇರಿಯವನನ್ನು ಕಳಿಸಿ, ರೂಢಿಯಂತೆ ಹೆಂಡತಿಯ ಮುಂದೆ ಗೊಣಗಿದೆ. ಅವಳು ಕೇಳಿಸಿಕೊಂಡು, ಅವನು ಬಂದಿದ್ದರೆ ಏನು ಕೊಡುತ್ತಿದ್ದಿರಿ ಎಂದಳು. ನಾನು ಮೊರವಿದ್ದ ಅಟ್ಟದ ಕಡೆ ನೋಡಿದೆ.