ಒಂದೇ ಟ್ಯಾಂಕಿನ ನೀರು

ನಮ್ಮ ಮನೆ ಮಾಲೀಕನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀದಿಯವರು ಅವನಿಗೆ ಇಟ್ಟ ಹೆಸರು ಗುಡುಗಪ್ಪ. ಕೆಳಗಿನ ಮನೆಯಲ್ಲಿ ಅವನೊಬ್ಬನೇ ಇದ್ದ. ಮೇಲೆ ನಾನು, ನನ್ನ ಹೊಲಿಗೆ ಮಷಿನ್ನು, ಹಾಸಿಗೆ ಹಿಡಿದ ನನ್ನ ಅತ್ತೆ. ಮಷಿನ್ನಿನ ಸದ್ದು ಕೇಳಿದರೆ ಸಾಕು, ಮೆಟ್ಟಿಲ ಬುಡದಿಂದಲೇ ಶುರುಮಾಡುತ್ತಿದ್ದ.

"ಏನಮ್ಮಾ, ಸೂರು ಕುಸಿಯೋ ಹಾಗೆ ತುಳೀತಿದ್ದೀಯಲ್ಲ! ನಾಳೇನೇ ಮನೆ ಖಾಲಿ ಮಾಡು!"

"ಮಾಡ್ತೀನಿ, ಮೊದಲು ಬಚ್ಚಲು ಸೋರೋದನ್ನ ನಿಲ್ಲಿಸಿ!" ಎಂದು ನಾನೂ ಕಿರುಚುತ್ತಿದ್ದೆ.

ಬಾಯಿಬಡುಕ, ಜಿಪುಣಾಗ್ರೇಸರ. ಗೋಡೆಗೆ ಮೊಳೆ ಹೊಡೆದರೆ ತನ್ನ ಎದೆಗೇ ಹೊಡೆದ ಹಾಗೆ ಓಡಿ ಬರುತ್ತಿದ್ದ. ಸಿಟ್ಟು ನೆತ್ತಿಗೇರಿದ ದಿನ ಟೆರೇಸಿಗೆ ಹತ್ತಿ ಟ್ಯಾಂಕಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸುತ್ತಿದ್ದ. ಆದರೆ ಎರಡೂ ಮನೆಗೆ ಇದ್ದದ್ದು ಒಂದೇ ಟ್ಯಾಂಕು, ಒಂದೇ ವಾಲ್ವ್. ಮುಖಕ್ಕೆ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದಾಗಲೇ ಅವನಿಗೆ ಅದು ನೆನಪಾಗುತ್ತಿದ್ದದ್ದು. ಟವೆಲ್ ಸುತ್ತಿಕೊಂಡು, ನನ್ನನ್ನೇ ಬೈಯುತ್ತ, ಮತ್ತೆ ಮೇಲೆ ಹತ್ತುತ್ತಿದ್ದ. ಅತ್ತೆ ಮಲಗಿದಲ್ಲೇ ಕಿಸಕ್ಕನೆ ನಗುತ್ತಿದ್ದರು. ಅವರು ನಗುತ್ತಿದ್ದದ್ದು ಆಗ ಮಾತ್ರ.

ಆ ಪುಣ್ಯಾತ್ಮ ನಮಗೊಂದು ಮಾತೂ ಹೇಳದೆ ಮನೆಯನ್ನು ಯಾವುದೋ ಕಂಪನಿಗೆ ಮಾರಿ ಮಗಳ ಮನೆ ಸೇರಿದ. ಪೀಡೆ ತೊಲಗಿತು ಎಂದು ಕುಣಿದಾಡಿದೆ.

ಕಂಪನಿಗೆ ಮುಖವೇ ಇರಲಿಲ್ಲ. ಫೋನಿನಲ್ಲಿ ಜೇನಿನಂಥ ಒಂದು ದನಿ, ಕಟ್ಟಡ ಕೆಡವುತ್ತೇವೆ, ತಿಂಗಳ ಕೊನೆಗೆ ಬಿಡಿ ಎಂದಿತು. ಹಾಸಿಗೆ ಹಿಡಿದವರಿದ್ದಾರೆಂದರೆ ಯಾರೂ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ಅತ್ತೆಯನ್ನು ಎಲ್ಲಿಗೆ ಹೊತ್ತುಕೊಂಡು ಹೋಗಲಿ ಎಂದು ಕೇಳಿದೆ.

"ನಿಮ್ಮ ಕಷ್ಟ ಅರ್ಥ ಆಗುತ್ತೆ ಮೇಡಂ."

ತಿಂಗಳು ಮುಗಿಯುತ್ತಲೇ ಯಾರೋ ಬಂದು ವಾಲ್ವ್ ತಿರುಗಿಸಿ, ಅದರ ಹಿಡಿಯನ್ನೇ ಕಿತ್ತುಕೊಂಡು ಹೋದರು. ಬೈಯೋಣವೆಂದರೆ ಮೆಟ್ಟಿಲ ಬುಡದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅತ್ತೆಯ ಬಟ್ಟೆ ಒಗೆಯಲು ಬೀದಿ ಕೊನೆಯಿಂದ ನೀರು ಹೊತ್ತು ನನ್ನ ಸೊಂಟ ಬಿದ್ದುಹೋಯಿತು. ಕೊನೆಗೆ ನಾದಿನಿ ಮುಖ ಗಂಟಿಕ್ಕಿಕೊಂಡೇ ತಾಯಿಯನ್ನು ಕರೆದುಕೊಂಡು ಹೋದಳು. ಅತ್ತೆ ನನ್ನ ಸೆರಗು ಹಿಡಿದಿದ್ದರು, ನಾನೇ ಬಿಡಿಸಿದೆ. ನನಗೆ ಊರಾಚೆ ಒಂದು ಕೋಣೆ ಸಿಕ್ಕಿತು.

ಮಷಿನ್ನನ್ನು ಟೆಂಪೋಗೆ ಏರಿಸುವಾಗ ಗೇಟಿನ ಬಳಿ ಗುಡುಗಪ್ಪ ನಿಂತಿದ್ದ.

"ಏನಮ್ಮಾ, ನಿಜವಾಗ್ಲೂ ಖಾಲಿ ಮಾಡ್ತಿದ್ದೀಯಾ?" ದನಿ ಉಡುಗಿಹೋಗಿತ್ತು.

"ನೀರು ನಿಲ್ಲಿಸಿಬಿಟ್ರು."

"ಮತ್ತೆ ಬಿಡಲಿಲ್ವಾ?"

"ಯಾಕೆ ಬಿಡ್ತಾರೆ? ಸೋಪು ಹಚ್ಚಿಕೊಂಡು ನಿಂತಿದ್ದು ಅವರಲ್ಲವಲ್ಲ."

ಅವನು ತಲೆ ತಗ್ಗಿಸಿದ. ನನಗೆ ಕನಿಕರವೇನೂ ಹುಟ್ಟಲಿಲ್ಲ. ಮಷಿನ್ನಿನ ಪಕ್ಕ ಹತ್ತಿ ಕುಳಿತೆ.