ಮಲ್ಲಮ್ಮನಿಗೆ ನಾನು ಕಲಿಸಿದ ರುಮೇನಿಯನ್

ಮೊನ್ನೆ ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ ಕುಳಿತಿದ್ದೆ. ಪಕ್ಕದ ಹುಡುಗಿಯ ಇಯರ್‌ಫೋನಿನಿಂದ ಸಣ್ಣ ದನಿಯೊಂದು ಸೋರುತ್ತಿತ್ತು: 'ಆನ್ ದಿ ಟೇಬಲ್, ಅಂಡರ್ ದಿ ಟೇಬಲ್.' ಅವಳು ತುಟಿ ಆಡಿಸುತ್ತ ಅದನ್ನೇ ಗೊಣಗುತ್ತಿದ್ದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇದೇ ಪಾಠ ಹೇಳಿ ಅನ್ನ ಉಂಡವನು ನಾನು. ಕೇಳಿ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಶವಂತಪುರಕ್ಕೆ ಟಿಕೆಟ್ ಕೊಂಡಿದ್ದವನು ಪೀಣ್ಯದಲ್ಲೇ ಇಳಿದುಬಿಟ್ಟೆ.

ಯಾಕೆ ಇಳಿದೆ ಎಂಬುದನ್ನು ನಿಮಗೆ ಹೇಳುತ್ತೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಎರಡು ವರ್ಷದ ಹಿಂದೆ, ನಿವೃತ್ತನಾಗಿ ಮನೆಯವರಿಗೆಲ್ಲ ವ್ಯಾಕರಣ ತಿದ್ದುತ್ತ ಕಿರಿಕಿರಿಯಾಗಿದ್ದ ಕಾಲ. ಪೀಣ್ಯದಲ್ಲಿ ಎರಡನೇ ಮಹಡಿಯ ಮೇಲೆ, ಹೊಲಿಗೆ ಕೆಲಸದವರನ್ನು ರುಮೇನಿಯಾಕ್ಕೆ ಕಳಿಸುವ ಏಜೆನ್ಸಿಯೊಂದಿತ್ತು. ಅದರ ಮಾಲೀಕ ನನ್ನನ್ನು ಹುಡುಕಿಕೊಂಡು ಬಂದ. "ಸಾರ್, ಭಾನುವಾರ ಭಾನುವಾರ ಬೇಸಿಕ್ ಇಂಗ್ಲಿಷ್ ಹೇಳ್ಕೊಡಿ. ಹಂಗೇ ರುಮೇನಿಯನ್ನೂ ಒಂಚೂರು ಸೇರಿಸ್ಬಿಡಿ. ಎರಡಕ್ಕೂ ಎಬಿಸಿಡಿ ಒಂದೇ ಅಲ್ವಾ?"

ರುಮೇನಿಯಾ ಭೂಪಟದಲ್ಲಿ ಎಲ್ಲಿದೆ ಎಂದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಮೇಷ್ಟ್ರಾಗಿ ಸವೆದವನ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತು ಸುಲಭಕ್ಕೆ ಹೊರಡುವುದಿಲ್ಲ. ಒಂದು ತೆಳ್ಳನೆಯ ಪುಸ್ತಕ ತಂದೆ. ಶನಿವಾರ ನಾನು ಕಲಿತದ್ದನ್ನು ಭಾನುವಾರ, ಹುಟ್ಟಾ ಬಲ್ಲವನಂತೆ ಕಲಿಸುತ್ತಿದ್ದೆ.

ತರಗತಿಯಲ್ಲಿ ಹನ್ನೆರಡು ಮಂದಿ. ಮುಂದಿನ ಬೆಂಚಿನಲ್ಲಿ ಮಲ್ಲಮ್ಮ. ಸಿಂಧನೂರಿನ ಕಡೆಯವಳು, ನಲವತ್ತರ ಹತ್ತಿರದ ವಯಸ್ಸು, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷದ ಟೈಲರ್. ಅಷ್ಟು ದೂರ ಯಾಕಮ್ಮ ಹೋಗ್ತೀ ಎಂದು ಒಮ್ಮೆ ಕೇಳಿದ್ದೆ. "ಹನ್ನೊಂದು ವರ್ಷದಾಗ ಒಂದ ಒಂದು ಅಂಗಿ ಪೂರ್ತಿ ಹೊಲದಿಲ್ರಿ ಸರ್ರ. ಬರೇ ಕಾಲರ್. ತೋಳು ಒಬ್ಬಾಕಿ, ಗುಂಡಿ ಒಬ್ಬಾಕಿ. ಅಲ್ಲಿ ಒಂದು ಕೋಟು ಪೂರಾ ಒಬ್ಬರ ಹೊಲೀತಾರಂತ. ಒಂದು ಕೋಟು ಹೊಲದು, ಇದು ನಂದು ಅಂತ ನೋಡಬೇಕ್ರಿ" ಎಂದಿದ್ದಳು.

ವಿಭಕ್ತಿ ಪ್ರತ್ಯಯ ಹಿಡಿದು ಬೆಳೆದ ನಾಲಿಗೆಗೆ ಪ್ರಿಪೊಸಿಷನ್ ಒಗ್ಗುವುದು ಕಷ್ಟ. ಆ ಕಷ್ಟವನ್ನು ಮಲ್ಲಮ್ಮನಷ್ಟು ಚೆನ್ನಾಗಿ ನನಗೆ ಯಾವ ಪಂಡಿತರೂ ವಿವರಿಸಿಲ್ಲ. "ನಮ್ಮಲ್ಲಿ ಮೊದಲ ಮೇಜು ಬರ್ತದ, ಆಮ್ಯಾಲೆ 'ಮ್ಯಾಲೆ' ಬರ್ತದ. ಇವರದು ಮೇಜು ಬರೂದಕ್ಕ ಮೊದಲ 'ಮ್ಯಾಲೆ' ಬಂದು ಕುಂತದ. ಇನ್ನಾ ಮೇಜ ಇಲ್ಲ, ಯಾದರ ಮ್ಯಾಲ್ರಿ?" ತರಗತಿಯೆಲ್ಲ ನಕ್ಕಿತು. ಕ್ರಿಯಾಪದಗಳದು ಇನ್ನೊಂದು ಪಾಡು. ಇಂಗ್ಲಿಷಿನ 'ಆಮ್' ಎಂದರೆ ಇದ್ದೇನೆ. ಅದೇ ಅಕ್ಷರಗಳ ರುಮೇನಿಯನ್ 'ಆಮ್' ಎಂದರೆ ನನ್ನ ಹತ್ತಿರ ಇದೆ. ಮೂರು ವಾರ ಎಲ್ಲರೂ 'ಐ ಆಮ್ ಟೂ ಸಿಸ್ಟರ್ಸ್' ಎನ್ನುತ್ತಿದ್ದರು. ನನಗೂ ಕನಸಿನಲ್ಲಿ ಅದೇ.

ಹೀಗಿರುವಾಗ ಒಂದು ಹಾಳೆ ಬರೆದು, ಜೆರಾಕ್ಸ್ ಮಾಡಿಸಿ ಹಂಚಿದೆ. ಒಂದು ಕಡೆ ರುಮೇನಿಯನ್ ಪದ, ಎದುರಿಗೆ ಕನ್ನಡ. ಹಿಂದಿನ ಬೆಂಚಿನ ಹೆಂಗಸೊಬ್ಬಳು ಎದ್ದು ನಿಂತಳು. "ಸಾರ್, ಕು, ಫರ, ಇವೆರಡರ ಅರ್ಥ ಫೋನಲ್ಲಿ ಬೇರೆ ಥರ ತೋರಿಸ್ತಿದೆ."

ನನಗೆ ರೇಗಿತು. "ಫೋನ್ ನೋಡ್ಕೊಂಡು ಕಲಿಯೋದಾದ್ರೆ ಇಲ್ಲಿಗ್ಯಾಕಮ್ಮ ಬರ್ತೀರಿ?"

ಅವಳು ಕುಳಿತಳು. ಮಲ್ಲಮ್ಮ ಹಿಂದೆ ತಿರುಗಿ, "ಸರ್ರು ಬರದಿದ್ದು ತಪ್ಪು ಇರ್ತದೇನ್ರೀ?" ಎಂದಳು. ಹಾಳೆಯನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಉಳಿದವರು ಫೋನ್ ನೋಡಿ ಕಲಿತರೆಂದು ಆಮೇಲೆ ತಿಳಿಯಿತು. ನನ್ನ ಹಾಳೆಯನ್ನು ಪೂರ್ತಿ ನಂಬಿದವಳು ಅವಳೊಬ್ಬಳೇ.

ಸಂದರ್ಶನ ಏಜೆನ್ಸಿಯಲ್ಲೇ ನಡೆಯಿತು. ಹೊಲಿಗೆ ಪರೀಕ್ಷೆಯಲ್ಲಿ ಮಲ್ಲಮ್ಮನೇ ಮೊದಲು. ಆಮೇಲೆ ಒಬ್ಬೊಬ್ಬರನ್ನೇ ಲ್ಯಾಪ್‌ಟಾಪಿನ ಮುಂದೆ ಕೂರಿಸಿದರು. ಪರದೆಯಲ್ಲಿ ಕನ್ನಡಕದ ರುಮೇನಿಯನ್ ಹೆಂಗಸು, ಪಕ್ಕದಲ್ಲಿ ನಮ್ಮ ಮಾಲೀಕ. ನಾನು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹೆಸರು, ಊರು, ಎಲ್ಲವನ್ನೂ ಮಲ್ಲಮ್ಮ ಚೆನ್ನಾಗಿ ಹೇಳಿದಳು. ಆ ಹೆಂಗಸು ನಗುತ್ತ ಕೇಳಿದರು: "ಕು ಎಕ್ಸ್‌ಪೆರಿಯೆನ್ತ್ಸ?"

ಅನುಭವದ ಜೊತೆಗಾ, ಅಂದರೆ ಅನುಭವ ಇದೆಯಾ ಎಂದು ಅರ್ಥ. ಮಲ್ಲಮ್ಮ ಅಲ್ಲವೆಂದು ಗಾಬರಿಯಿಂದ ಕೈ ಆಡಿಸಿದಳು. "ನು, ನು! ಫರ ಎಕ್ಸ್‌ಪೆರಿಯೆನ್ತ್ಸ!"

ನಾನು ಪುಸ್ತಕ ತೆರೆದೆ. ಕು ಎಂದರೆ ಜೊತೆಗೆ. ಫರ ಎಂದರೆ ಇಲ್ಲದೆ. ಹಾಳೆಯಲ್ಲಿ ಎರಡನ್ನೂ ನಾನು ಅದಲುಬದಲು ಬರೆದಿದ್ದೆ. ಅನುಭವವಿಲ್ಲವೇ ಎಂದು ಕೇಳಿದರೆಂದುಕೊಂಡವಳ ಬಾಯಿಂದಲೇ, ಅನುಭವವಿಲ್ಲ ಎಂದು ಹೇಳಿಸಿದ್ದೆ.

ಆ ಹೆಂಗಸು ಹನ್ನೊಂದು ವರ್ಷದ ಅನುಭವ ಎಂದಿದ್ದ ಅರ್ಜಿ ನೋಡಿ, ಹುಬ್ಬು ಗಂಟಿಕ್ಕಿ, "ಫರ?" ಎಂದು ಇನ್ನೊಮ್ಮೆ ನಿಧಾನವಾಗಿ ಕೇಳಿದರು. ಬಾಗಿಲಿನಿಂದ ಮೇಜಿಗೆ ಎರಡು ಹೆಜ್ಜೆ. ಒಳಗೆ ಹೋಗಿ, ತಪ್ಪು ನನ್ನದು ಎಂದಿದ್ದರೆ ಸಾಕಿತ್ತು. ಮಾಲೀಕನ ಮುಂದೆ, ಹೊರಗೆ ಕಾಯುತ್ತಿದ್ದ ಹನ್ನೊಂದು ಮಂದಿಯ ಮುಂದೆ. ನಾನು ಹೋಗಲಿಲ್ಲ. "ದ, ಫರ!" ಹೌದು, ಫರವೇ ಎಂದು ಮಲ್ಲಮ್ಮ ತಲೆಯೆತ್ತಿ, ಹೆಮ್ಮೆಯಿಂದ ಹೇಳಿದಳು.

ಹನ್ನೊಂದು ಜನ ಆಯ್ಕೆಯಾದರು. "ಫಾರಂನಲ್ಲಿ ಹನ್ನೊಂದು ವರ್ಷ ಅಂತ ಸುಳ್ಳು ಬರ್ಸಿದಾಳೆ ಅಂದ್ಕೊಂಡ್ರು ಸಾರ್. ಬಾಯಲ್ಲಿ ಏನೋ ಉಲ್ಟಾ ಹೇಳಿದಾಳೆ" ಎಂದ ಮಾಲೀಕ. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ಮುಂದಿನ ಭಾನುವಾರ ಮಲ್ಲಮ್ಮ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತಳು. "ನಿಮ್ಮ ಹೆಸರು ಕೆಡಿಸಿದ್ನಿ ಸರ್ರ. ನೀವು ಅಷ್ಟು ಚಂದಂಗೆ ಕಲಿಸಿದ್ರಿ. ಈ ತಲಿಗೆ ಹತ್ತಂಗಿಲ್ರಿ."

"ಇರಲಿ ಬಿಡಮ್ಮ," ಎಂದೆ. ಕ್ಷಮಿಸುವವನ ದನಿಯಲ್ಲಿ. ಆ ದನಿ ನೆನೆದರೆ ಈಗಲೂ ನನಗೆ ನನ್ನ ಮುಖ ನೋಡಿಕೊಳ್ಳಲಾಗುವುದಿಲ್ಲ. ಅವಳು ಕೈಮುಗಿದು ಇಳಿದುಹೋದಳು. ಮತ್ತೆಂದೂ ಯಾವ ತರಗತಿಗೂ ಬರಲಿಲ್ಲ. ಮುಂದಿನ ತಿಂಗಳು ನಾನೂ ಬಿಟ್ಟೆ. ಕಾರಣ ಕೇಳಿದವರಿಗೆ ಮಂಡಿನೋವು ಎಂದೆ.

ಮೊನ್ನೆ ಪೀಣ್ಯದಲ್ಲಿ ಇಳಿದವನು ಅವಳಿದ್ದ ಓಣಿಯನ್ನು ಕೇಳಿಕೊಂಡು ಹೋದೆ. ಸಾಲಾಗಿ ಬಾಡಿಗೆ ಕೋಣೆಗಳು. ಮುಂದೆ ಮನೆಯೊಡತಿ ಅಂಗಳಕ್ಕೆ ನೀರು ಹಾಕುತ್ತಿದ್ದರು.

"ಮಲ್ಲಮ್ಮನಾ? ಖಾಲಿ ಮಾಡ್ಕೊಂಡು ಓಗಿ ವರ್ಷ ಆಯ್ತು ಸಾರ್. ಎಲ್ಗೆ ಅಂತ ಏಳ್ಲಿಲ್ಲ. ನಂಬರೂ ಬದಲಾಗೈತೆ. ಏನಾಗ್ಬೇಕಿತ್ತು?"

ಗೇಟು ಹಿಡಿದು ನಿಂತು, ಮೊದಲ ಬಾರಿಗೆ ಎಲ್ಲವನ್ನೂ ಹೇಳಿದೆ. ಕು ಎಂದರೇನು, ಫರ ಎಂದರೇನು, ಬಾಗಿಲಲ್ಲಿ ನಾನು ಹೇಗೆ ನಿಂತೆ. ಆಕೆ ಪೈಪು ಹಿಡಿದುಕೊಂಡೇ ಕೊನೆಯವರೆಗೆ ಕೇಳಿಸಿಕೊಂಡರು. ಕೊನೆಗೆ ನನ್ನ ಮುಖ ನೋಡಿ, ಸಮಾಧಾನ ಮಾಡುವಂತೆ, "ಅಷ್ಟೇನಾ ಸಾರ್?" ಎಂದರು.

"ಅಷ್ಟೇ," ಎಂದೆ.

"ಬಿಡಿ ಸಾರ್, ಅವ್ಳು ಮರ್ತಿರ್ತಾಳೆ."

ಮರೆತಿರುವುದಿಲ್ಲ. ತನ್ನ ತಲೆಗೆ ಏನೂ ಹತ್ತುವುದಿಲ್ಲ ಎಂದು ಎಲ್ಲೋ ಯಾರಿಗೋ ಹೇಳುತ್ತಿರುತ್ತಾಳೆ.