ನನಗೂ ಒಂದು ಫಾರ್ಮಿಡೇಬಲ್

ಆ ಶಬ್ದ ಬಂದದ್ದು ನನ್ನ ಫೋನಿಗೆ, ಆದರೆ ನನಗಾಗಿ ಅಲ್ಲ, ನನ್ನ ನೆಗೆಣ್ಣಿಗಾಗಿ. ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಯಿತು.

ನೆಗೆಣ್ಣಿ ಎಂದರೆ ನನ್ನ ಯಜಮಾನರ ಅಣ್ಣನ ಹೆಂಡತಿ. ಬ್ಯಾಡಗಿಯ ಈ ಮನೆಗೆ ನನಗಿಂತ ಮೊದಲು ಸೊಸೆಯಾಗಿ ಬಂದವಳು. ಆ ‘ಮೊದಲು’ ಎನ್ನುವುದನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಬಚ್ಚಲಿಗೆ ಮೊದಲು ಅವಳು, ಚಹಕ್ಕೆ ಮೊದಲು ಅವಳು, ಟೀವಿಯ ರಿಮೋಟಿಗಂತೂ ಮೊದಲೂ ಅವಳೇ, ಕೊನೆಯೂ ಅವಳೇ.

ನನ್ನ ಮೊಮ್ಮಗನಿಗೆ ಗೊತ್ತು ಮಾಡಿದ ಹುಡುಗಿ ಒಂದು ಭಾನುವಾರ ತಂದೆ-ತಾಯಿಯ ಜೊತೆ ನಮ್ಮ ಮನೆ ನೋಡಲು ಬಂದಳು. ಹಾವೇರಿಯ ಹುಡುಗಿ, ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ನೆಗೆಣ್ಣಿ ಅವಳನ್ನು ಎದುರಿಗೆ ಕೂರಿಸಿಕೊಂಡಳು. ನಾವೆಲ್ಲ ಅವಲಕ್ಕಿಯ ತಟ್ಟೆ ಹಿಡಿದು ಗೋಡೆಗೆ ಅಂಟಿಕೊಂಡೆವು.

“ರೊಟ್ಟಿ ಬಡಿಯಾಕ ಬರತೈತೇನವಾ?”

“ಬರತೈತ್ರಿ. ಆದ್ರ ದುಂಡಗ ಬರಂಗಿಲ್ರಿ.”

“ಮತ್ತ ಹೆಂಗ ಬರತಾವ?”

“ಅವಕ್ಕ ಹೆಂಗ ಬೇಕು ಹಂಗ ಬರತಾವ್ರಿ.”

“ಸಿಟ್ಟು ಬರತೈತೇನು?”

“ಬರತೈತ್ರಿ.”

“ಬಂದ್ರ ಏನ್ ಮಾಡತೀ?”

“ಕಾಲೇಜಿನ ಹುಡುಗರ ಪೇಪರ್ ತಿದ್ದಾಕ ಕುಂದರತೇನ್ರಿ.”

ನೆಗೆಣ್ಣಿ “ಹೂಂ” ಎಂದಳು. ನಮ್ಮ ಮನೆಯಲ್ಲಿ ಆ ‘ಹೂಂ’ ಪಡೆಯಲು ಕೆಲವು ಸೊಸೆಯಂದಿರಿಗೆ ಮಕ್ಕಳೇ ಹುಟ್ಟಬೇಕಾಯಿತು.

ಆಮೇಲೆ ಹುಡುಗಿ ನನ್ನ ಕೋಣೆಗೆ ಬಂದಳು. ನಾನು ಫೋನನ್ನು ಬಾಯಿ ಹತ್ತಿರ ಇಟ್ಟು ತಂಗಿಗೆ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. “ಅಜ್ಜಿ, ನೀವು ಒದರೂದು ಬ್ಯಾಡ, ಟೈಪ್ ಮಾಡ್ರಿ” ಎಂದು ಫೋನಿನಲ್ಲಿ ಕನ್ನಡ ಅಕ್ಷರ ಹಾಕಿಕೊಟ್ಟಳು. ಒತ್ತಕ್ಷರ ಎಲ್ಲಿ ಅಡಗಿದೆ ಎಂದು ತೋರಿಸಿದಳು. ನನ್ನ ಬೆರಳು ಒಂದು ಅಕ್ಷರ ಒತ್ತಲು ಹೋಗಿ ನೆರೆಮನೆಯ ಅಕ್ಷರಗಳನ್ನೂ ಎಬ್ಬಿಸುವಂಥದ್ದು, ಆದರೂ ಬಂತು. ಸಂಜೆ ಅವಳಿಂದ ಮೊದಲ ಮೆಸೇಜು:

“ಅಜ್ಜಿ, ಮನಿ ಮುಟ್ಟಿದ್ವಿ. ನಿಮ್ಮ ದೊಡ್ಡಜ್ಜಿ ಭಾರೀ ಫಾರ್ಮಿಡೇಬಲ್!”

ನಾನು ಕನ್ನಡಕ ಒರೆಸಿ, ಮತ್ತೆ ಓದಿ, ಬಹಳ ಹೊತ್ತು ಕುಟ್ಟಿ ಬರೆದೆ: “ಹಂಗಂದ್ರೇನು”.

ಅವಳು ಬರೆದಳು: “ಅಂಥವರ ಎದುರು ನಿಂತ್ರ ಎದಿ ಡವಡವ ಅಂತೈತ್ರಿ, ಕಾಲು ಹಿಂದಕ್ಕ ಸರೀತಾವ. ಆದ್ರ ಮನಸ್ಸು ‘ಶಾಬ್ಬಾಸ್’ ಅಂತೈತಿ. ಎರಡೂ ಕೂಡೇ ಆಗಬೇಕು.”

ಆ ರಾತ್ರಿ ನಾನು ನಮ್ಮ ಮಾತಿನ ಡಬ್ಬಿಯನ್ನೆಲ್ಲ ತೆಗೆದು ನೋಡಿದೆ. ಗಟ್ಟಿಗಿತ್ತಿ ಎಂದರೆ ಶಾಬ್ಬಾಸ್ ಉಂಟು, ಡವಡವ ಇಲ್ಲ. ಘಟವಾಣಿ ಎಂದರೆ ಡವಡವ ಉಂಟು, ಶಾಬ್ಬಾಸ್ ಇಲ್ಲ. ಜಬರ್ದಸ್ತ್ ಎನ್ನಬಹುದಿತ್ತು, ಆದರೆ ಅದನ್ನು ನಾವು ಮಿರ್ಚಿ ಭಜಿಗೂ ಅನ್ನುತ್ತೇವೆ. ಎರಡೂ ಒಟ್ಟಿಗೆ ಸಿಗುವುದು ಇಂಗ್ಲಿಷಿನವರ ಈ ಡಬ್ಬಿಯಲ್ಲಿ ಮಾತ್ರ ಎಂದು ಗೊತ್ತಾದ ಮೇಲೆ ನನಗೆ ಅದರ ಮೇಲೆ ಮನಸ್ಸು ಹೋಯಿತು.

ಮರುದಿನದಿಂದ ನಾನು ಅದನ್ನು ಕಂಡಕಂಡದ್ದಕ್ಕೆಲ್ಲ ಹಚ್ಚಿದೆ. ಮಾರ್ಕೆಟ್ಟಿನ ದಿನ ಮೆಣಸಿನಕಾಯಿ ಚೀಲ ಬಂದು ಬಿದ್ದಾಗ ಊರಿಗೆ ಊರೇ ಸೀನುತ್ತದಲ್ಲ, “ಇವತ್ತಿನ ಘಾಟು ಫಾರ್ಮಿಡೇಬಲ್” ಎಂದು ಹುಡುಗಿಗೆ ಬರೆದೆ. ಪಾಸು ಮಾಡಿದಳು. ರಾಣೆಬೆನ್ನೂರಿನಿಂದ ಕುಪ್ಪೇಲೂರಿಗೆ ಕಿಕ್ಕಿರಿದು ಹೋಗುವ ಸಂಜೆಯ ಬಸ್ಸು ಫಾರ್ಮಿಡೇಬಲ್ ಎಂದು ಬರೆದೆ. “ಬಸ್ಸಲ್ಲ ಅಜ್ಜಿ, ಅದನ್ನ ಹತ್ತಾವ್ರು ಫಾರ್ಮಿಡೇಬಲ್” ಎಂದು ತಿದ್ದಿದಳು. ಅದಕ್ಕೆ ಬದಲಾಗಿ ನಾನು ಅವಳಿಗೆ ಒಡಪು ಕಲಿಸುತ್ತಿದ್ದೆ.

ಒಡಪು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಎರಡು ಮೂರು ಸಾಲು ಪ್ರಾಸ ಕಟ್ಟಿ, ಆ ಪದದ ಮಡಿಲಲ್ಲಿ ಹೆಸರನ್ನು ಇಟ್ಟು ಹೇಳಬೇಕು. ಮದುಮಗಳು ಗಂಡನ ಮನೆಗೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪಿನಲ್ಲಿ ಹೆಸರು ಹೇಳಿದರೆ ಮಾತ್ರ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರಬಹುದು. ನಮ್ಮ ಮನೆಯ ಬಾಗಿಲಿಗೆ ಅಡ್ಡ ನಿಲ್ಲುವವಳು ಯಾವಾಗಲೂ ನೆಗೆಣ್ಣಿಯೇ. ಹಲಗೇರಿಯಿಂದ ಬಂದ ಒಬ್ಬ ಸೊಸೆಯನ್ನು ಪ್ರಾಸ ಸರಿಯಿಲ್ಲ ಎಂದು ಮೂರು ಸಲ ಹಿಂದೆ ಕಳಿಸಿದ್ದಳು. ಹುಡುಗಿಗೆ ಅದರದೇ ಅಂಜಿಕೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ದಿನ ನಾನೇ ಬಾಯಿ ಬಿಟ್ಟು ಕೇಳಿದೆ, ಅಂದರೆ ಬೆರಳು ಬಿಟ್ಟು: “ಮತ್ತ ನಾನು?”

“ನೀವು ಸ್ವೀಟ್ ಅಜ್ಜಿ!” ಹಿಂದೆ ಎರಡು ಕೆಂಪು ಹೃದಯ.

ಸ್ವೀಟ್! ನಮ್ಮ ಮನೆಯಲ್ಲಿ ಸ್ವೀಟ್ ಎಂದರೆ ಡಾಕ್ಟರು ನನಗೆ ಮುಟ್ಟಬೇಡಿ ಎಂದ ವಸ್ತು. ಇಷ್ಟು ವರ್ಷ ಇದೇ ಮನೆಯಲ್ಲಿ ಬಾಳಿ, ಮಕ್ಕಳನ್ನು ಹೆತ್ತು, ಅಷ್ಟು ದೊಡ್ಡ ಸಂಸಾರದ ರೊಟ್ಟಿ ಬಡಿದು, ಕೊನೆಗೆ ಪೇಡೆ ಆದೆ. ನೆಗೆಣ್ಣಿಯನ್ನು ಅರ್ಧ ತಾಸು ನೋಡಿ ಫಾರ್ಮಿಡೇಬಲ್ ಅಂತೆ!

ನಾನೂ ಆಗುತ್ತೇನೆ ಎಂದು ಹಟ ಹಿಡಿದೆ. ಹಾಲಿನವನಿಗೆ ಹುಬ್ಬು ಗಂಟಿಕ್ಕಿ, “ಹಾಲು ನೀರಾಗೈತಿ” ಎಂದೆ. “ಯಾಕ್ರಿ ಅಮ್ಮಾ, ಮೈಯಾಗ ಆರಾಮಿಲ್ಲೇನ್ರಿ?” ಎಂದು ಕೇಳಿದ. ಮಾತು ಕಡಿಮೆ ಮಾಡಿ ಗಂಭೀರವಾಗಿ ಕೂತೆ. ಸೊಸೆ ಬಂದು ಬಿಪಿ ಗುಳಿಗೆ ತೆಗೆದುಕೊಂಡಿರೋ ಇಲ್ಲವೋ ಎಂದು ವಿಚಾರಿಸಿದಳು. ಹುಡುಗಿಗೆ ದಿನಾ ಕಳಿಸುತ್ತಿದ್ದ ಶುಭೋದಯದ ಗುಲಾಬಿ ಹೂ ನಿಲ್ಲಿಸಿ, “ಬೆಳಗಾಯಿತು” ಎಂದಷ್ಟೇ ಬರೆದೆ. ಮೂರು ಹೃದಯ ಬಂದವು.

ಆಗ ನನಗೆ ಹೊಳೆಯಿತು. ನೆಗೆಣ್ಣಿಯ ಜೋರು ಇರುವುದೇ ಆ ಬಾಗಿಲಲ್ಲಿ. ಅಲ್ಲಿ ನಿಂತವಳು ಯಾರಾದರೂ ಫಾರ್ಮಿಡೇಬಲ್ಲೇ.

ಆದರೆ ಬಾಗಿಲಲ್ಲಿ ನಿಲ್ಲುವುದು ಮುತ್ತೈದೆಯರ ಕೆಲಸ. ನನ್ನ ಯಜಮಾನರು ಹೋದಾಗಿನಿಂದ ಮನೆಗೆ ಸೊಸೆ ಬರುವ ಹೊತ್ತಿಗೆ ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿರುತ್ತೇನೆ. ಯಾರೂ ಹೋಗು ಅನ್ನುವುದಿಲ್ಲ, ಯಾರೂ ಬಾ ಅನ್ನುವುದೂ ಇಲ್ಲ. ನನ್ನಂಥವಳನ್ನು ಒಡಪು ಹೇಳು ಎಂದು ಕೇಳುವವರೂ ಇಲ್ಲ. ಅವರ ಹೆಸರು ನನ್ನ ಬಾಯಿಂದ ಹೊರಬಿದ್ದು ಎಷ್ಟೋ ವರ್ಷವಾಗಿತ್ತು.

ಆದರೂ ಒಂದು ಮಧ್ಯಾಹ್ನ ನೆಗೆಣ್ಣಿ ಎಲೆ-ಅಡಿಕೆ ಹಾಕಿಕೊಳ್ಳುವಾಗ ಹತ್ತಿರ ಹೋಗಿ ಕೂತೆ.

“ಯಕ್ಕಾ, ಈ ಸಲ ಬಾಗಲದಾಗ ನಾ ನಿಂದರತೇನಿ.”

ಸುಣ್ಣದ ಬೆರಳು ಅಲ್ಲಿಗೇ ನಿಂತಿತು. ನನ್ನ ಹಣೆ ನೋಡಿದಳು. “ನೀ ಹೆಂಗ ನಿಂದರತೀಯವಾ? ಮಂದಿ ಏನಂದಾರು?”

“ಮಂದಿ ನಿನ್ನ ಮುಂದ ಬಾಯಿ ತಗೀತಾರೇನು? ನೀ ಫಾರ್ಮಿಡೇಬಲ್ ಅದೀ.”

“ಏನದು? ಬೈಗಳಾ?”

ಹುಡುಗಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಡವಡವವನ್ನೂ ಹೇಳಿದೆ, ಶಾಬ್ಬಾಸನ್ನೂ ಹೇಳಿದೆ. ನೆಗೆಣ್ಣಿ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, “ಆ ಹುಡುಗಿಗೆ ಕಣ್ಣದಾವ” ಎಂದಳು. ಬಾಗಿಲ ಮಾತಿಗೆ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಎಲೆ ಬಾಯಿಗೆ ಹಾಕಿಕೊಂಡಳು. ಎಲೆ ಹಾಕಿಕೊಂಡವಳ ಜೊತೆ ವಾದ ಮಾಡಲು ಬರುವುದಿಲ್ಲ.

ರಾಣೆಬೆನ್ನೂರಿನಲ್ಲಿ ಮದುವೆ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ನಾನು ಹಿತ್ತಲ ಬಾಗಿಲಿಂದ ಒಳಗೆ ಹೋಗಿ ನನ್ನ ಜಾಗದಲ್ಲಿ, ಅಡುಗೆಮನೆಯ ಮರೆಯಲ್ಲಿ, ನಿಂತೆ. ಮುಂಬಾಗಿಲಲ್ಲಿ ನೆಗೆಣ್ಣಿ. ಎರಡೂ ಕೈ ಚೌಕಟ್ಟಿಗೆ ಚಾಚಿ ನಿಂತಿದ್ದಳು. ಹಿಂದಿನಿಂದ ನೋಡಿದ ನನಗೇ ಡವಡವ ಎಂದಿತು.

“ಹೆಸರು ಹೇಳು, ಒಳಗ ಬಾ.”

ಹುಡುಗಿ ಬಾಸಿಂಗದ ಕೆಳಗಿಂದ ಹೇಳಿದಳು: “ಹೇಳತೇನ್ರಿ. ಆದ್ರ ಮೊದಲ ಅಜ್ಜಿ ಹೇಳಲಿ.”

“ನಂದೇನವಾ, ಬೇಕಾದಷ್ಟದಾವ” ಎಂದು ನೆಗೆಣ್ಣಿ ಗಂಟಲು ಸರಿಮಾಡಿಕೊಂಡಳು.

“ನೀವಲ್ರಿ. ಒಳಗ ನಿಂತಾರಲ್ರಿ, ಆ ಅಜ್ಜಿ. ನನಗ ಕಲಿಸಿದಾವ್ರು ಅವರು.”

ಪಡಸಾಲೆಯ ಹೆಂಗಸರೆಲ್ಲ ಅಡುಗೆಮನೆಯತ್ತ ತಿರುಗಿದರು. ನಾನು ಬಾಗಿಲ ಮರೆಯಲ್ಲಿ ಇನ್ನಷ್ಟು ಸಣ್ಣಗಾದೆ. ಬೀಗರ ಕಡೆಯ ಒಬ್ಬಾಕೆ ಮೆಲ್ಲಗೆ, “ಅವರು ಹೇಳಂಗಿಲ್ಲವಾ, ಹಂಗ ಕೇಳಬಾರದು” ಎಂದಳು.

“ಯಾಕ್ರಿ? ಅಜ್ಜಾರ ಹೆಸರು ಗೇಟಿನ ಮ್ಯಾಲ ಅಷ್ಟ ದೊಡ್ಡದಾಗಿ ಬರದೈತೆಲ್ಲ. ಗೇಟು ಹೇಳಬಹುದು, ಅಜ್ಜಿ ಹೇಳಬಾರದೇನ್ರಿ?”

ಯಾರೋ ಕಿಸಕ್ಕೆಂದರು, ಯಾರೋ ಅವರನ್ನು ಚಿವುಟಿದರು. ಎಲ್ಲರೂ ನೆಗೆಣ್ಣಿಯ ಮುಖ ನೋಡುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ. ಆ ಬೆನ್ನು ಏನು ಹೇಳುತ್ತದೋ ಎಂದು ನೋಡುತ್ತಿದ್ದೆ. ಅವಳು ತಿರುಗಿದಳು. ಎಡಗೈಯನ್ನು ಚೌಕಟ್ಟಿನಿಂದ ಕೆಳಗಿಳಿಸಿದಳು.

“ಬಾ ಇಲ್ಲೆ. ಅರ್ಧಾ ಬಾಗಲಾ ನಿಂದು. ಲಗೂ ಬಾ, ನನ್ನ ಮೊಣಕಾಲು ಕೇಳಂಗಿಲ್ಲ.”

ಬೀಗರಾಕೆ ಏನೋ ಹೇಳಲು ಬಾಯಿ ತೆರೆದಳು. ನೆಗೆಣ್ಣಿ ಅವಳತ್ತ ಒಮ್ಮೆ ನೋಡಿದಳು. ಬಾಯಿ ತಾನೇ ಮುಚ್ಚಿಕೊಂಡಿತು.

ಅಡುಗೆಮನೆಯಿಂದ ಮುಂಬಾಗಿಲಿಗೆ ನಡೆದು ಬಂದೆ. ಕಲಿತಿದ್ದ ಹಳೆಯ ಒಡಪೆಲ್ಲ ತಲೆಯಿಂದ ಹಾರಿಹೋಗಿದ್ದವು. ನೆಗೆಣ್ಣಿಯ ಪಕ್ಕ ನಿಂತೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ:

“ಬೀಗರು ಉಣ್ಣಾಕ ಹಾಕ್ಯಾರ ಕುರ್ಚಿ, ಟೇಬಲ್,
ಬಾಗಲದಾಗ ನಿಂತಾಳ ನೆಗೆಣ್ಣಿ, ಫಾರ್ಮಿಡೇಬಲ್,
ಆಕೀಗೂ ಅಂಜದ ಗಂಡಸಂದ್ರ ಒಬ್ಬರ, ನಮ್ಮ…”

ಹೆಸರು ಹೇಳಿದೆ. ಜೋರಾಗಿಯೇ ಹೇಳಿದೆ. ಅದನ್ನು ಇಲ್ಲಿ ಟೈಪ್ ಮಾಡುವುದಿಲ್ಲ. ಬಾಯಿಗೆ ಒಡಪಿದೆ, ಬೆರಳಿಗೆ ಇನ್ನೂ ಯಾವ ಒಡಪೂ ಇಲ್ಲ. ಮೂರನೆಯ ಸಾಲಂತೂ ಶುದ್ಧ ಸುಳ್ಳು. ಅತ್ತಿಗೆ ಅಂಗಳದಲ್ಲಿದ್ದರೆ ಆ ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಿಂದ ಹೋಗುತ್ತಿದ್ದರು.

ಹೆಂಗಸರೆಲ್ಲ ಹೋ ಎಂದು ಕೂಗಿದರು. ಅಂಗಳದ ಕುರ್ಚಿಯಲ್ಲಿ ಕೂತಿದ್ದ ನನ್ನ ಭಾವನವರಿಗೆ ಕಿವಿ ಮಂದ, ಆದರೆ ಆ ಹೆಸರು ಹೇಗೋ ಮುಟ್ಟಿತು. ಎದ್ದು ನಿಂತು ಕೇಳಿದರು: “ಯಾರು? ತಮ್ಮ ಬಂದನೇನು?”

“ಬಂದಿಲ್ಲ, ಹೆಸರು ಬಂದೈತಿ! ಕುಂದರ್ರಿ ಸುಮ್ಮನ!” ಎಂದು ನೆಗೆಣ್ಣಿ ಕೂಗಿದಳು. ಕೂಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಇವತ್ತು ಮಾರ್ಕೆಟ್ಟಿನ ದಿನವಲ್ಲ, ಮೆಣಸಿನಕಾಯಿ ಘಾಟಿಲ್ಲ ಎಂದು ನಾನು ನೆನಪಿಸಲು ಹೋಗಲಿಲ್ಲ.

ಇನ್ನು ಹುಡುಗಿಯ ಪಾಳಿ. ಫೋನಿನಲ್ಲಿ ನಾನೇ ತಿದ್ದಿ ತೀಡಿ ಪಾಸು ಮಾಡಿದ್ದ ಒಡಪನ್ನು ಅವಳು ಒಂದಕ್ಷರ ತಪ್ಪದೆ, ರಾಗವಾಗಿ ಹೇಳಿದಳು. ಹೇಳಿ, ನನ್ನತ್ತ ನೋಡಿ ನಕ್ಕು, ಸೇರು ಒದೆಯಲು ಬಲಗಾಲು ಎತ್ತಿದಳು.

ನಾನು ನನ್ನ ಕಡೆಯ ಚೌಕಟ್ಟಿಗೆ ಕೈ ಚಾಚಿದೆ.

“ನಡಿಯಂಗಿಲ್ಲ. ಇನ್ನೊಂದು ಹೇಳು.”

“ಅಜ್ಜೀ! ಇದನ್ನ ನೀವ ಕಲಿಸೀರಿ!”

“ಕಲಿಸಿದ್ದು ಹಳೇದಾತು. ಹೊಸಾದು ಕಟ್ಟು.”

ನೆಗೆಣ್ಣಿ ನನ್ನ ಮುಖ ನೋಡಿದಳು. ಕೆಳಗಿಳಿಸಿದ್ದ ಕೈಯನ್ನು ಮತ್ತೆ ಮೇಲೆತ್ತಿ ನನ್ನ ಹೆಗಲ ಮೇಲಿಟ್ಟಳು. ಬಾಗಿಲು ಪೂರ್ತಿ ಮುಚ್ಚಿತು. ಹುಡುಗಿ ಎತ್ತಿದ ಕಾಲನ್ನು ಕೆಳಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದಳು.

“ಅಜ್ಜಿ, ಒಳಗ ಬಿಡ್ರಿ, ಹೊಸಾ ಚಪ್ಪಲಿ ಕಚ್ಚಾಕತ್ತಾವ” ಎಂದ ಮೊಮ್ಮಗ, ಹಿಂದಿನಿಂದ.

“ನಿನ್ನ ಯಾರು ಕೇಳ್ಯಾರ?” ಎಂದೆವು ನಾವಿಬ್ಬರೂ.